ನೀರಿನ ಬಟ್ಟಲು ಇಡೋಣ, ಹಿತ್ತಲ ಮಣ್ಣನ್ನೂ ಬಿಡೋಣ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ‘ಹಕ್ಕಿಗಳಿಗೆ ನೀರಿಡಿ’ ಅಂತ ಮನವಿ ಬರುತ್ತದೆ. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದಂದು ಮಣ್ಣಿನ ಬಟ್ಟಲು ಹಿಡಿದ ಮಕ್ಕಳ ಫೋಟೊ ಇದ್ದೇ ಇರುತ್ತದೆ. ನೋಡಿದರೆ ಖುಷಿಯಾಗುತ್ತದೆ. ಸಿಂಧನೂರಿನ ಬಿಸಿಲಿಗೆ ಆ ಬಟ್ಟಲು ಬೇಕೇ ಬೇಕು. ಆದರೆ ನೀರು ಕುಡಿದು ಹಾರಿದ ಗುಬ್ಬಿ ತನ್ನ ಮರಿಗೆ ಏನು ತಿನ್ನಿಸುತ್ತದೆ? ಈ ಮಾತನ್ನು ಯಾರೂ ಎತ್ತುವುದಿಲ್ಲ. ಅದನ್ನು ಹೇಳಬೇಕು ಅಂತಲೇ ಈ ಪತ್ರ.

ನಾನು ಇಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತೇನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಹಿತ್ತಲು. ಅಲ್ಲೊಂದು ಹಳೆಯ ಬೇವು, ನುಗ್ಗೆ, ಲಿಂಬೆ, ದಾಳಿಂಬೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ ಮತ್ತು ಕರಿಬೇವು. ಗೋಡೆಯ ಮೂಲೆಯಲ್ಲಿ ಕಟ್ಟಿಗೆ ಒಟ್ಟಿದ್ದೇವೆ. ಉಳಿದದ್ದು ಬರೀ ಮಣ್ಣು. ಜೋಳ ಹಸನು ಮಾಡುವುದು, ಸೊಪ್ಪು ಸೋಸುವುದು, ಪಾತ್ರೆ ತಿಕ್ಕುವುದು ಎಲ್ಲವೂ ಅಲ್ಲೇ. ಹೀಗಾಗಿ ಹಕ್ಕಿ ನೋಡಲಿಕ್ಕೆ ಅಂತ ಬೇರೆ ಹೊತ್ತು ಬೇಕಾಗಿಲ್ಲ. ಕೈ ಕೆಲಸದಲ್ಲಿರುತ್ತದೆ, ಕಣ್ಣು ಮರದ ಮೇಲಿರುತ್ತದೆ.

ಮೊರದಲ್ಲಿ ಜೋಳ ಕೇರಲು ಕುಂತರೆ ಗುಬ್ಬಿಗಳು ಬಂದು ನುಚ್ಚು ಹೆಕ್ಕುತ್ತವೆ. ಆದರೆ ಗೂಡಿನಲ್ಲಿ ಮರಿ ಇದ್ದಾಗ ಅವುಗಳ ನಡೆಯೇ ಬೇರೆ. ಆಗ ನುಚ್ಚನ್ನು ತಾವು ತಿನ್ನುತ್ತವೆ, ಮರಿಗೆ ಮಾತ್ರ ಒಯ್ಯುವುದಿಲ್ಲ. ಪುಂಡಿಸೊಪ್ಪು, ಮೆಂತ್ಯದ ಕಟ್ಟು ಬಿಚ್ಚಿ ಸೋಸುವಾಗ ಸಣ್ಣ ಹಸಿರು ಹುಳ ಸಿಗುತ್ತದಲ್ಲ, ಅದನ್ನು ತೆಗೆದು ಆಚೆ ಒಗೆಯುತ್ತೇನೆ. ತಾಯಿಗುಬ್ಬಿ ಅದನ್ನು ಕಚ್ಚಿಕೊಂಡು ನೇರ ತಗಡಿನ ಸಂದಿನ ಗೂಡಿಗೆ ಹೋಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಗುಬ್ಬಿಮರಿಗೆ ಮೆತ್ತನೆಯ ಹುಳವೇ ಆಹಾರ. ಕಾಳು ಅದಕ್ಕೆ ಆಗಿಬರುವುದಿಲ್ಲ. ದೊಡ್ಡ ಹಕ್ಕಿಗೆ ನಾವು ಕಾಳು ಹಾಕಬಹುದು, ನೀರಿಡಬಹುದು. ಮರಿಯ ಊಟ ಇರುವುದು ಗಿಡದ ಎಲೆಯಲ್ಲಿ, ಹಸಿ ಮಣ್ಣಿನಲ್ಲಿ, ಗುಡಿಸದೆ ಬಿಟ್ಟ ಒಂದು ಮೂಲೆಯಲ್ಲಿ.

ಬರೀ ಗುಬ್ಬಿಯ ವಿಷಯ ಇದಲ್ಲ. ಸೂರಕ್ಕಿ ಹೂವಿನ ಜೇನು ಹೀರುವ ಹಕ್ಕಿ ಅಂತ ಎಲ್ಲರಿಗೂ ಗೊತ್ತು. ಮಾಗಿ ಚಳಿ ಕಳೆಯುವ ಹೊತ್ತಿಗೆ ನಮ್ಮ ದಾಳಿಂಬೆ ಹೂವಿಗೆ ಅದು ತಪ್ಪದೆ ಬರುತ್ತದೆ. ಗಂಡಿನ ಮೈ ಬಿಸಿಲಿಗೆ ನೇರಳೆಯಾಗಿ, ನೀಲಿಯಾಗಿ ಹೊಳೆಯುತ್ತದೆ. ಮರಿ ಮಾಡುವ ಕಾಲ ಮುಗಿದ ಮೇಲೆ ಆ ಹೊಳಪೆಲ್ಲ ಹೋಗಿ ಹಳದಿ ಎದೆಯ ಮೇಲೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತದೆ. ಈ ಹಕ್ಕಿಯೂ ಮರಿಗೆ ಜೇಡ, ಹುಳ ಹಿಡಿದು ತಂದು ಕೊಡುತ್ತದೆ. ಗೂಡು ಹೆಣೆಯುವುದಕ್ಕೂ ಅದಕ್ಕೆ ಜೇಡರ ಬಲೆ ಬೇಕು. ಅದಕ್ಕೇ ಹಿತ್ತಲ ಗೋಡೆಯ ಹೊರಮೈ ಮೇಲಿನ ಬಲೆಯನ್ನು ನಾನು ಕಸಬರಿಗೆಯಿಂದ ತೆಗೆಯುವುದಿಲ್ಲ. ಅಡುಗೆಮನೆ ಒಳಗೆ ಒಂದು ಎಳೆ ಇರಲಿಕ್ಕೂ ಬಿಡುವುದಿಲ್ಲ, ಆ ಮಾತು ಬೇರೆ.

ಲಿಂಬೆ ಗಿಡದ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಒಂದು ಚುಕ್ಕೆ ಕಂಡರೆ ಬಗ್ಗಿ ನೋಡಿ. ಅದು ಚಿಟ್ಟೆಯ ಮರಿಹುಳ. ದೊಡ್ಡದಾದ ಮೇಲೆ ಎಲೆಯ ಹಸಿರನ್ನೇ ಮೈಗೆ ತಂದುಕೊಳ್ಳುತ್ತದೆ. ನಾಲ್ಕು ಎಲೆ ತಿಂದರೆ ಲಿಂಬೆ ಗಿಡ ಸಾಯುವುದಿಲ್ಲ. ಅಂಥ ಹುಳಗಳನ್ನು ಹುಡುಕಿಕೊಂಡು ಸಿಂಪಿಗ ಹಕ್ಕಿ ದಿನವೂ ಬರುತ್ತದೆ. ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟ ಹಕ್ಕಿ, ಕೂಗಿದರೆ ಓಣಿಗೆಲ್ಲ ಕೇಳಬೇಕು. ಎಲೆಗಳ ಅಂಚಿಗೆ ತೂತು ಕೊರೆದು, ನೂಲು ಎಳೆದು ಹೊಲಿಯುತ್ತದೆ. ಹತ್ತಿ ತುಂಬಿದ ಗಾಡಿಗಳು ರಾಯಚೂರು ಮಾರುಕಟ್ಟೆಗೆ ಹೋಗುವ ಕಾಲದಲ್ಲಿ ದಾರಿಬದಿಯ ಜಾಲಿ ಮುಳ್ಳಿಗೆಲ್ಲ ಅರಳೆ ಸಿಕ್ಕಿಕೊಂಡಿರುತ್ತದೆ. ಅದನ್ನು ಕಿತ್ತು ತಂದು ಗೂಡಿಗೆ ಹಾಸುವುದನ್ನು ನೋಡಿದ್ದೇನೆ. ನಮ್ಮ ಜಿಲ್ಲೆಯ ಹತ್ತಿ ಹಕ್ಕಿಮರಿಯ ಹಾಸಿಗೆಯೂ ಆಗುತ್ತದೆ ಅಂದರೆ ನನಗೆ ಏನೋ ಹೆಮ್ಮೆ.

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎನ್ನುತ್ತಾರೆ ಹಿರಿಯರು. ನಮ್ಮ ಹಿತ್ತಲಿಗೆ ದೊಡ್ಡ ಹಬ್ಬ ಬರುವುದು ಅದರ ನಂತರದ ಮಿರುಗದ (ಮೃಗಶಿರ) ಮಳೆಗೆ. ಬೇಸಿಗೆಯೆಲ್ಲ ಬಿರಿದು ನಿಂತ ಕರಿಮಣ್ಣು ಒಂದು ಹದ ಮಳೆ ಕುಡಿದರೆ ಸಾಕು, ಮರುದಿನ ಬೆಳಿಗ್ಗೆ ಕೆಂಪು ಮಖಮಲ್ಲಿನ ಹುಳ ಹೊರಗೆ ಬರುತ್ತದೆ. ನೋಡಲು ಹುಳ, ಕಾಲು ಎಣಿಸಿದರೆ ಎಂಟು. ಅದು ಜೇಡನ ಬಳಗ. ವರ್ಷದ ಹೆಚ್ಚಿನ ಕಾಲ ಮಣ್ಣಿನೊಳಗೇ ಇದ್ದು ಈ ಕೆಲವು ದಿನ ಮಾತ್ರ ಮುಖ ತೋರಿಸುತ್ತದೆ. ನಾವು ಸಣ್ಣವರಿದ್ದಾಗ ಅಂಗೈ ಮೇಲೆ ಬಿಟ್ಟುಕೊಂಡು ಆಡುತ್ತಿದ್ದೆವು. ಈಗಿನ ಎಷ್ಟೋ ಮಕ್ಕಳು ಅದನ್ನು ಕಂಡೇ ಇಲ್ಲ. ಸಿಮೆಂಟ್ ಅಂಗಳದಲ್ಲಿ ಅದು ಎಲ್ಲಿಂದ ಏಳಬೇಕು ಹೇಳಿ?

ಅದೇ ದಿನಗಳ ಒಂದು ಸಂಜೆ, ಗಾಳಿ ನಿಂತು ಶೆಕೆಯಾದಾಗ, ನೆಲದ ತೂತುಗಳಿಂದ ರೆಕ್ಕೆ ಬಂದ ಗೆದ್ದಲು ಏಳುತ್ತವೆ. ಹೊಸ ಗೂಡು ಕಟ್ಟಲು ಜೋಡಿ ಹುಡುಕಿ ಹೊರಟ ಹುಳ ಅವು. ಏಳುವುದೇ ತಡ, ಇಡೀ ಹಿತ್ತಲಿಗೆ ಊಟ. ಕಾಜಾಣ ತಂತಿ ಮೇಲಿಂದ ಹಾರಿ ಹಾರಿ ಗಾಳಿಯಲ್ಲೇ ಹಿಡಿಯುತ್ತದೆ. ಗೊರವಂಕ, ಪಿಕಳಾರ, ಗುಬ್ಬಿ ಎಲ್ಲ ನೆಲಕ್ಕೆ ಇಳಿಯುತ್ತವೆ. ಓತಿಕ್ಯಾತ ಕತ್ತು ಕೆಂಪು ಮಾಡಿಕೊಂಡು ತೂತಿನ ಬಾಯಲ್ಲೇ ಕೂರುತ್ತದೆ. ಕತ್ತಲಾದ ಮೇಲೆ ಕಪ್ಪೆಗಳ ಸರದಿ. ಬೇವಿನ ಪೊಟರೆಯ ಹಾಲಕ್ಕಿಯೂ ಇಳಿದು ಬರುತ್ತದೆ. ದುಂಡು ಮುಖದ ಚಿಕ್ಕ ಗೂಗೆ ಅದು. ಅದು ಕೂಗಿದರೆ ಕೇಡು ಎನ್ನುವವರು ನಮ್ಮ ಓಣಿಯಲ್ಲೂ ಇದ್ದಾರೆ. ಇಲಿ ಮರಿ, ಜೀರುಂಡೆ ಹಿಡಿದು ತಿನ್ನುವ ಹಕ್ಕಿಯಿಂದ ಯಾರಿಗೆ ಏನು ಕೇಡು? ಕೇಡು ಆಗುವುದು ಅದಕ್ಕೇ. ಇಲಿಗೆ ಪಾಷಾಣ ಇಟ್ಟರೆ, ಆ ಇಲಿ ತಿಂದ ಹಾಲಕ್ಕಿಯೂ ಸಾಯಬಹುದು. ನಾನು ಜೋಳದ ಚೀಲಗಳನ್ನು ಮುಚ್ಚಳದ ಡ್ರಮ್ಮಿಗೆ ಹಾಕಿಟ್ಟು, ಇಲಿಗೆ ಬೋನು ಇಡುತ್ತೇನೆ. ಖಾನಾವಳಿಗೆ ಅಷ್ಟು ಸಾಕಾಗುತ್ತದೆ.

ಮಳೆ ಹಿಡಿದ ಮೇಲೆ ಉಪಕಾಲುವೆ ದಂಡೆಯ ಜಾಲಿಯಲ್ಲಿ ಗೀಜಗನ ಗೂಡು ತೂಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಭತ್ತದ ನಾಟಿಯಾಗಿ, ಎಲೆ ಉದ್ದವಾದರೆ ಗಂಡುಗಳಿಗೆ ಕೈತುಂಬ ಕೆಲಸ. ಎಲೆ ಸೀಳಿ ಸೀಳಿ ಒಯ್ಯುತ್ತವೆ. ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತವೆ. ಹೆಣ್ಣು ಬಂದು, ಒಳಗೆ ಹೊಕ್ಕು ನೋಡಿ, ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಗೂಡಿನ ಒಳಗೆ ಅಲ್ಲಲ್ಲಿ ಹಸಿ ಮಣ್ಣು ಮೆತ್ತುತ್ತವೆ. ಆ ಮಣ್ಣಿಗೆ ಅವು ನಮ್ಮ ಬಚ್ಚಲ ಕಾಲುವೆಗೂ ಬರುತ್ತವೆ. ಪಾತ್ರೆ ತಿಕ್ಕುವ ಹೆಣ್ಣುಮಗಳು ಕೂತಿರುವಾಗಲೇ ಆಚೆ ಬದಿ ಇಳಿದು ಕೊಕ್ಕಿನ ತುಂಬ ಕೆಸರು ಒಯ್ಯುತ್ತವೆ. ಬಚ್ಚಲ ನೀರನ್ನು ಪೈಪಿನಲ್ಲಿ ಚರಂಡಿಗೆ ಬಿಟ್ಟಿದ್ದರೆ ಅವಕ್ಕೆ ನಮ್ಮಲ್ಲಿ ಕೆಲಸವೇ ಇರುತ್ತಿರಲಿಲ್ಲ.

ದಸರೆಗೆ ಬನ್ನಿ ಕೊಡಲು ಬಂದವರು ನೀಲಕಂಠನನ್ನು ನೋಡಬೇಕು ಅಂತ ಹಿತ್ತಲಿಗೆ ಬರುತ್ತಾರೆ. ನಮ್ಮ ರಾಜ್ಯದ ಹಕ್ಕಿ ಅದು. ತಂತಿ ಮೇಲೆ ಸುಮ್ನೆ ಕೂತಿರುವಾಗ ಮಂಕಾಗಿ ಕಾಣುತ್ತದೆ. ಮಿಡತೆ ಕಂಡು ರೆಕ್ಕೆ ಬಿಚ್ಚಿತೋ, ಆ ನೀಲಿ ನೋಡಿ ಮಕ್ಕಳು ಕೂಗುತ್ತಾರೆ. ಅದರ ಊಟವೂ ಮಿಡತೆ, ಜೀರುಂಡೆಗಳೇ.

ಚಳಿ ಶುರುವಾದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಾಲ ಕುಣಿಸುತ್ತ ಸಿಪಿಲೆ ಹಕ್ಕಿ ಓಡಾಡುತ್ತದೆ. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳು ಬಂದಿರುತ್ತವೆ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು ಹೊಟ್ಟೆ ತಿಳಿ ಗುಲಾಬಿ. ಕಜಾಕಸ್ತಾನದ ಕಡೆಯ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಈ ಹಕ್ಕಿ ಚಳಿಗಾಲ ಕಳೆಯಲು ನಮ್ಮ ಎರೆಹೊಲಗಳಿಗೆ ಬರುತ್ತದೆ. ಸಂಜೆ ಮಲಗಲು ಹೋಗುವ ಮುಂಚೆ ಸಾವಿರಾರು ಹಕ್ಕಿ ಒಂದೇ ಜೀವದಂತೆ ಆಕಾಶದಲ್ಲಿ ಹೊರಳುತ್ತವೆ. ಆ ಹೊತ್ತಿಗೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನಾವು ಎಲ್ಲರೂ ಹೊರಗೆ ಬರುತ್ತೇವೆ.

ಊಟಕ್ಕೆ ಬಂದ ರೈತರೊಬ್ಬರು ಒಮ್ಮೆ ಹೇಳಿದರು: “ಅಕ್ಕಾರ, ನೀವು ಚೆಂದ ಅಂತೀರಿ. ನಮ್ಮ ತೆನಿ ಖಾಲಿ ಆಗ್ತಾವ ನೋಡ್ರಿ.” ಅವರ ಮಾತು ಖರೆ. ಹಾಲುಗಾಳಿನ ಮೇಲೆ ಹಿಂಡು ಬಿದ್ದರೆ ಸುಟ್ಟು ತಿನ್ನುವ ಸೀತನಿಗೂ ತೆನೆ ಉಳಿಯುವುದಿಲ್ಲ. ಕವಣೆ ಬೀಸಬೇಡಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಆದರೆ ಇನ್ನೊಂದು ಮಾತನ್ನೂ ಅವರಿಗೆ ಹೇಳಿದೆ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಹಾವಳಿ ತಡೆಯಲಿಕ್ಕೆ ಇದೇ ಹಕ್ಕಿಗೆ ಗೂಡಿನ ಜಾಗ ಕಟ್ಟಿಕೊಡುತ್ತಾರೆ. ನಮ್ಮ ಹೊಲದಲ್ಲೂ ಅವು ಮಿಡತೆ, ಹುಳ ತಿನ್ನುತ್ತವೆ. ಅವರು ತಲೆಯಾಡಿಸಿ, “ಹಂಗಾದ್ರ ಎಣ್ಣಿ ಹೊಡೆಯೋದು ಕಡಿಮಿ ಮಾಡಬೇಕು ಅಂತೀರೇನು?” ಎಂದರು. ಹೌದು ಎಂದೆ. ಭತ್ತದ ಗದ್ದೆಗೆ ಸುತ್ತಲೂ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ನಮ್ಮಂಥ ಊರಲ್ಲಿ, ಹುಳ ಹುಡುಕುವ ಹಕ್ಕಿಗೆ ಮನೆಗಳ ಹಿತ್ತಲಾದರೂ ಉಳಿಯಬೇಕಲ್ವಾ?

ಹಿತ್ತಲುಗಳೇ ಈಗ ಹೋಗುತ್ತಿವೆ. ಹೊಸ ಬಡಾವಣೆಗಳಲ್ಲಿ ಸೈಟಿನ ಅಂಚಿನವರೆಗೂ ಮನೆ ಬರುತ್ತದೆ. ಉಳಿದ ಮೂರು ಅಡಿಗೆ ಪರಸಿ ಕಲ್ಲಿನ ಹಾಸು ಇಲ್ಲವೇ ಸಿಮೆಂಟ್. ಹಳೆ ಓಣಿಯಲ್ಲೂ ಅದೇ ಗಾಳಿ. ಪಕ್ಕದ ಮನೆಯ ತಂಗಿ ನನಗೂ ಹೇಳಿದಳು: “ಅಕ್ಕಾ, ಪರಸಿ ಹಾಕ್ಸಿಬಿಡು. ಕಸ ಗುಡಿಸೋ ತ್ರಾಸು ತಪ್ತದ, ಹಾವಿನ ಅಂಜಿಕಿನೂ ಇರಂಗಿಲ್ಲ.” ಹಾವಿನ ಅಂಜಿಕೆ ಸಣ್ಣ ಮಾತಲ್ಲ, ಚಿಕ್ಕ ಮಕ್ಕಳಿರುವ ಮನೆ ಅವಳದು. ಆದರೆ ಹಾವು ಇಲಿಯ ಹಿಂದೆ ಬರುತ್ತದೆ, ಇಲಿ ಚೆಲ್ಲಿದ ಅನ್ನದ ಹಿಂದೆ ಬರುತ್ತದೆ. ಮುಸುರೆಯನ್ನು ಹೊರಗೆ ಬಿಡದೆ, ಕಟ್ಟಿಗೆಯನ್ನು ಬಾಗಿಲಿನಿಂದ ದೂರ ಒಟ್ಟಿ, ರಾತ್ರಿ ಬ್ಯಾಟರಿ ಹಿಡಿದೇ ಹಿತ್ತಲಿಗೆ ಇಳಿದರೆ ಅರ್ಧ ಅಂಜಿಕೆ ಹೋಗುತ್ತದೆ. ನಮ್ಮಲ್ಲಿ ಕಾಣುವುದು ಹೆಚ್ಚಾಗಿ ಕೇರೆ, ವಿಷವಿಲ್ಲದ ಹಾವು. ಬೇರೆ ಹಾವು ಕಂಡರೆ ಹಿಡಿಯುವವರನ್ನು ಕರೆಸುತ್ತೇವೆ. ಕೊನೆಗೆ ತಂಗಿ ಮುಂದಿನ ಭಾಗಕ್ಕೆ ಪರಸಿ ಹಾಕಿಸಿ, ಹಿಂದೆ ಕರಿಬೇವಿನ ಬುಡದ ಸುತ್ತ ಮಣ್ಣು ಬಿಟ್ಟಳು. ಈಗ ಅಲ್ಲಿ ಗುಬ್ಬಿಗಳು ಮಧ್ಯಾಹ್ನ ಧೂಳಿನ ಸ್ನಾನ ಮಾಡುತ್ತವೆ. ಮೈಗೆ ಹತ್ತಿದ ಹೇನು ಕಳೆಯಲು ಅವಕ್ಕೆ ಒಣ ಮಣ್ಣು ಬೇಕು. ಹಣ್ಣಾದಾಗ ಕರಿಬೇವಿಗೆ ಕೋಗಿಲೆಯೂ ಬರುತ್ತದೆ.

ಉದ್ಯಾನಗಳನ್ನು ಮಾಡುವವರಿಗೂ ಒಂದು ಮಾತು. ಹುಲ್ಲುಹಾಸು, ಪೇವರ್ ದಾರಿ, ಕತ್ತರಿಸಿದ ಬೇಲಿ, ಬಣ್ಣದ ಬೆಂಚು ಎಲ್ಲ ಇರಲಿ. ಜೊತೆಗೆ ಒಂದು ಮೂಲೆಯಲ್ಲಿ ಎಕ್ಕೆ, ಬೇವು, ಬನ್ನಿ ಬೆಳೆಯಲಿ, ಅದರ ಕೆಳಗಿನ ಎಲೆ ಅಲ್ಲೇ ಕೊಳೆಯಲಿ. ಆ ಮೂಲೆಗೆ ಔಷಧ ಹೊಡೆಯಬೇಡಿ. ಕೊಂಬೆ ಕಡಿಯುವ ಕೆಲಸವನ್ನೂ ಕಾಗೆ, ಕೋಗಿಲೆ ಮರಿ ಮಾಡುವ ಮೇ, ಜೂನ್‌ಗೆ ಇಟ್ಟುಕೊಳ್ಳದೆ ಚಳಿಗಾಲದಲ್ಲೇ ಮುಗಿಸಿದರೆ ಒಳ್ಳೆಯದು. ಕಡಿಯುವ ಮುಂಚೆ ಒಮ್ಮೆ ತಲೆ ಎತ್ತಿ ಗೂಡು ನೋಡಲು ಎಷ್ಟು ಹೊತ್ತು ಬೇಕು?

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಿರುಗದ ಮಳೆಯ ಹೊತ್ತಿಗೆ ಈ ವಿಷಯಕ್ಕೆ ಸ್ವಲ್ಪ ಜಾಗ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಗೆ ಮೊದಲೇ ಹೇಳಿಡಿ, ಮಂಚದಷ್ಟು ಅಗಲದ ನೆಲ ಬಿಟ್ಟರೂ ಸಾಕು. ಬೇವಿನ ಹಣ್ಣು ತಿಂದ ಹಕ್ಕಿಗಳು ಬೀಜ ಉದುರಿಸಿ, ನಮ್ಮ ಗೋಡೆಯುದ್ದಕ್ಕೂ ಪ್ರತಿ ಮಳೆಗಾಲ ಸಸಿ ಏಳುತ್ತವೆ. ಕರಿಬೇವಿನ ಬುಡದಲ್ಲೂ ಹಾಗೇ. ಬೇಕಾದವರು ಊಟದ ಹೊತ್ತು ಬಿಟ್ಟು ಮಧ್ಯಾಹ್ನ ಮೂರರ ಮೇಲೆ ಬನ್ನಿ. ಬೇರಿನ ಮಣ್ಣು ಸಮೇತ ಕಿತ್ತು ಕೊಡುತ್ತೇನೆ, ರೊಕ್ಕ ಬೇಡ.

— ರೊಟ್ಟಿ ಖಾನಾವಳಿಯ ಒಬ್ಬ ಹೆಣ್ಣುಮಗಳು,
ಸಿಂಧನೂರು, ರಾಯಚೂರು ಜಿಲ್ಲೆ