ಇಲ್ಲಿ ಗುರುವಾರ ರಾತ್ರಿ ಎಂಟು, ಅಲ್ಲಿ ಶುಕ್ರವಾರ ಬೆಳಗ್ಗೆ ಆರೂವರೆ

ಹಿಕ್ಸ್‌ವಿಲ್, ಲಾಂಗ್ ಐಲ್ಯಾಂಡ್
3 ಡಿಸೆಂಬರ್ 2013

ಪ್ರೀತಿಯ ಗೆಳೆಯಾ,

ಅಡಿಕೆ ಕೊಯ್ಲು ಶುರುವಾಗಿರಬೇಕು. ಈ ಸಲವಾದರೂ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಹೇಳಿದ ದಿನ ಬಂದನೋ? ಆ ಗಡಿಬಿಡಿಯ ನಡುವೆಯೂ ಇದನ್ನು ಇವತ್ತೇ ಓದು. ನಾಡಿದ್ದಿಗೆ ನಿನ್ನಿಂದ ಒಂದು ಉಪಕಾರ ಆಗಬೇಕಾಗಿದೆ.

ಗುರುವಾರ ರಾತ್ರಿ ಎಂಟಕ್ಕೆ ಇಲ್ಲಿನ ಎನ್‌ಬಿಸಿ ಟಿವಿ ವಾಹಿನಿಯಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಇದೆ. ಸಿನಿಮಾ ಅಲ್ಲ ಮಾರಾಯಾ, ನಾಟಕ. ಜಾಹೀರಾತೂ ಸೇರಿ ಮೂರು ಗಂಟೆ, ಇಡೀ ನಾಟಕ ನೇರಪ್ರಸಾರ. ಆ ಹೊತ್ತಿಗೆ ಗಂಟಲಿನಿಂದ ಏನು ಬಂತೋ ಅದೇ ಹಾಡು. ಮಾತು ಮರೆತರೆ ಇಡೀ ದೇಶದ ಮುಂದೆ ಮರೆತಂತೆ. ದೊಡ್ಡ ವಾಹಿನಿಯೊಂದು ಹೀಗೆ ಪೂರ್ತಿ ಸಂಗೀತ ನಾಟಕವನ್ನು ಲೈವ್ ಆಡಿಸಿ ಐವತ್ತು ವರ್ಷದ ಮೇಲಾಯಿತು ಅನ್ನುತ್ತಾರೆ. ಒಂದು ತಿಂಗಳಿಂದ ನನಗೆ ಇದೇ ಧ್ಯಾನ. ಆಫೀಸಿನಲ್ಲಿ ಗುರುವಾರ ಸಂಜೆ ನಾಲ್ಕಕ್ಕೇ ಹೊರಡುತ್ತೇನೆ ಅಂತ ಹೇಳಿಯಾಗಿದೆ.

ಧಾರವಾಡದ ಹಾಸ್ಟೆಲಿನಲ್ಲಿ ಒಂದು ರಾತ್ರಿಗೆ ಟಿವಿ, ವಿಸಿಆರ್ ಬಾಡಿಗೆಗೆ ತಂದು ಈ ಸಿನಿಮಾ ನೋಡಿದ್ದೆವಲ್ಲ, ನೆನಪಿದೆಯಾ? ಆಸ್ಟ್ರಿಯಾದ ಮಠದಿಂದ ಬಂದ ಮರಿಯಾ, ಕ್ಯಾಪ್ಟನ್ ಟ್ರಾಪ್‌ನ ತಾಯಿಯಿಲ್ಲದ ಏಳು ಮಕ್ಕಳಿಗೆ ಹಾಡು ಕಲಿಸಿ, ಕೊನೆಗೆ ಎಲ್ಲರೂ ನಾಜಿಗಳಿಂದ ತಪ್ಪಿಸಿಕೊಂಡು ಬೆಟ್ಟ ದಾಟುವ ಕಥೆ. ಕ್ಯಾಸೆಟ್ ಎಷ್ಟು ಸವೆದಿತ್ತೆಂದರೆ ಪರದೆಯ ಕೆಳಗಿನ ಕಾಲುಭಾಗ ಬರೀ ಗೆರೆ. ಮಕ್ಕಳ ಕಾಲು ಒಂದು ಸಲವೂ ಸರಿಯಾಗಿ ಕಾಣಲಿಲ್ಲ. ಎಲ್ಲರೂ ಆಲ್ಪ್ಸ್ ಬೆಟ್ಟ ನೋಡುತ್ತಾ ಬಾಯಿ ಬಿಟ್ಟು ಕೂತಿದ್ದರೆ, ‘ಇದು ನಮ್ಮ ಕಂಪನಿ ನಾಟಕದ ಹಾಗೇ ಇದೆಯಲ್ಲೋ’ ಅಂದವನು ನೀನು. ‘ನೋಡು, ಮಾತು ಎಲ್ಲಿ ಸಾಲುವುದಿಲ್ಲವೋ ಅಲ್ಲಿ ಪದ್ಯ ಎತ್ತುತ್ತಾರೆ’ ಅಂದಿದ್ದೆ. ಅದು ನಿಜಕ್ಕೂ ಮೊದಲು ರಂಗದ ಮೇಲೆ ಹುಟ್ಟಿದ್ದು ಅಂತ ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ನಾಟಕ ಬಂದದ್ದು 1959ರ ನವೆಂಬರ್ 16ರಂದು, ನ್ಯೂಯಾರ್ಕಿನ ಲಂಟ್-ಫಾಂಟೇನ್ ರಂಗಮಂದಿರದಲ್ಲಿ. ಸಿನಿಮಾ ಬಂದದ್ದು ಆರು ವರ್ಷ ತಡವಾಗಿ, 1965ರಲ್ಲಿ. ಸಂಗೀತ ರಿಚರ್ಡ್ ರಾಜರ್ಸ್, ಹಾಡಿನ ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್. ಮೊದಲ ಓಟದಲ್ಲೇ 1,443 ಪ್ರದರ್ಶನ. ಮರಿಯಾಳ ಪಾತ್ರವನ್ನು ಮೊದಲು ಕಟ್ಟಿದವಳು ಸಿನಿಮಾದ ಜೂಲಿ ಆ್ಯಂಡ್ರೂಸ್ ಅಲ್ಲ, ರಂಗದ ಮೇಲಿನ ಮೇರಿ ಮಾರ್ಟಿನ್. ಮೊನ್ನೆ ಡಿಸೆಂಬರ್ 1ಕ್ಕೆ ಆಕೆ ಹುಟ್ಟಿ ಸರಿಯಾಗಿ ನೂರು ವರ್ಷವಾಯಿತು. ಇದೇ ಮೇರಿ ಮಾರ್ಟಿನ್ 1955ರಲ್ಲಿ ಇದೇ ಎನ್‌ಬಿಸಿಯಲ್ಲಿ ‘ಪೀಟರ್ ಪ್ಯಾನ್’ ನಾಟಕವನ್ನು ಲೈವ್ ಆಡಿದ್ದಳು. ಎರಡು ವರ್ಷದ ನಂತರ, 1957ರ ಮಾರ್ಚ್ 31ರಂದು, ರಾಜರ್ಸ್–ಹ್ಯಾಮರ್‌ಸ್ಟೈನ್ ಜೋಡಿ ಟಿವಿಗೆಂದೇ ಬರೆದ ‘ಸಿಂಡರೆಲ್ಲಾ’ ಸಿಬಿಎಸ್ ವಾಹಿನಿಯಲ್ಲಿ ಲೈವ್ ಬಂತು. ಅದರಲ್ಲಿ ಜೂಲಿ ಆ್ಯಂಡ್ರೂಸ್ ನಾಯಕಿ. ಆ ಒಂದು ರಾತ್ರಿ ಅದನ್ನು ನೋಡಿದವರು ಹತ್ತು ಕೋಟಿಗೂ ಮೇಲೆ! ಬಣ್ಣದಲ್ಲಿ ಪ್ರಸಾರವಾದ ಆ ನಾಟಕದ ಕಪ್ಪು-ಬಿಳುಪು ಪ್ರತಿ ಮಾತ್ರ ಇವತ್ತು ಉಳಿದಿದೆ. ಬಣ್ಣ ಆ ರಾತ್ರಿ ನೋಡಿದವರ ಕಣ್ಣಲ್ಲೇ ಉಳಿಯಿತು.

ಈಗ ನನ್ನ ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುವ ಸಂಗತಿ ಕೇಳು. ನಾಟಕ ನಡೆಯುವುದು ನಮ್ಮ ಪಕ್ಕದೂರು ಬೆತ್‌ಪೇಜ್‌ನಲ್ಲಿ! ಅಲ್ಲಿ ಹಿಂದೆ ಗ್ರಮ್ಮನ್ ಕಂಪನಿಯ ಕಾರ್ಖಾನೆ ಇತ್ತು. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಅಪೊಲೊ ನೌಕೆಗಳನ್ನು ಕಟ್ಟಿದ್ದು ಅಲ್ಲೇ. ಆ ಜಾಗದಲ್ಲೀಗ ಸ್ಟುಡಿಯೋ. ಭಾನುವಾರ ಅಕ್ಕಿ, ತೆಂಗಿನಕಾಯಿ ತರಲು ಇಂಡಿಯನ್ ಅಂಗಡಿಗೆ ಹೋದವನು ವಾಪಸು ಬರುವಾಗ ಬೇಕೆಂದೇ ಆ ಕಡೆ ಸುತ್ತು ಹಾಕಿದೆ. ನಾಲ್ಕೂವರೆಗೇ ಇಲ್ಲಿ ಕತ್ತಲು. ದೊಡ್ಡ ದೊಡ್ಡ ಗೋಡೆ, ಬೇಲಿ, ಸಾಲಾಗಿ ನಿಂತ ಲಾರಿಗಳು, ಅಷ್ಟೇ ಕಂಡದ್ದು. ಆದರೂ ಮಗಳು ಕಾರಿನ ಗಾಜು ಇಳಿಸಿ, ‘ಅಪ್ಪಾ, ಒಳಗೆ ಬೆಟ್ಟ ಇದೆಯಾ?’ ಅಂತ ಪಿಸುಗುಟ್ಟಿದಳು. ಇದೆ ಅಂದೆ. ಒಳಗೆ ಸನ್ಯಾಸಿನಿಯರ ಮಠ, ಕ್ಯಾಪ್ಟನ್ನನ ಬಂಗಲೆ, ಬೆಟ್ಟ ಎಲ್ಲವೂ ಪಕ್ಕಪಕ್ಕದಲ್ಲೇ ಇರುತ್ತವೆ. ಜಾಹೀರಾತು ಬರುವ ಎರಡು ನಿಮಿಷದಲ್ಲಿ ಪಾತ್ರಧಾರಿಗಳು ಬಟ್ಟೆ ಬದಲಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಬೇಕು. ಇಷ್ಟು ಹತ್ತಿರ ಇದ್ದರೂ ನಾನು ನೋಡಬೇಕಾದ್ದು ಎಲ್ಲರ ಹಾಗೆ ಟಿವಿಯಲ್ಲೇ. ಕ್ಯಾಲಿಫೋರ್ನಿಯಾದವರಿಗೆ ಅದೂ ಮೂರು ಗಂಟೆ ತಡ. ನಮ್ಮ ಕಡೆಯವರಿಗೆ ಆ ಕ್ಷಣದ್ದು ಆ ಕ್ಷಣಕ್ಕೇ ಸಿಗುತ್ತದಲ್ಲ, ಅಷ್ಟು ಸಾಕು.

ಮರಿಯಾ ಆಗುತ್ತಿರುವವಳು ಕ್ಯಾರಿ ಅಂಡರ್‌ವುಡ್. ಹಳ್ಳಿಗಾಡಿನ ಹಾಡು, ಅಂದರೆ ಕಂಟ್ರಿ ಸಂಗೀತದಲ್ಲಿ ದೊಡ್ಡ ಹೆಸರು. 2005ರಲ್ಲಿ ‘ಅಮೆರಿಕನ್ ಐಡಲ್’ ಅನ್ನುವ ಟಿವಿ ಹಾಡಿನ ಸ್ಪರ್ಧೆ ಗೆದ್ದವಳು. ನಾಟಕದವಳಲ್ಲ. ಜೂಲಿ ಆ್ಯಂಡ್ರೂಸ್ ಮಾಡಿದ ಪಾತ್ರವನ್ನು ಇವಳು ಮುಟ್ಟುವುದೇ ತಪ್ಪು ಅಂತ ಜನ ಇಲ್ಲಿ ಎರಡು ತಿಂಗಳಿಂದ ಕೂಗಾಡುತ್ತಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪಾತ್ರ ಯಾರಪ್ಪನ ಆಸ್ತಿಯೂ ಅಲ್ಲ. ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳನನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಹಾಗಂತ ಅವರ ನಂತರ ಆ ಕಳ್ಳ ರಂಗ ಬಿಟ್ಟು ಹೋದನೇ? ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿದರೇ ನಾಟಕ ಬದುಕುವುದು. ಗುರುವಾರದ ನಾಟಕದಲ್ಲೇ ನೋಡು, ಕ್ಯಾಪ್ಟನ್ನನನ್ನು ಮದುವೆಯಾಗಲಿರುವ ಸಿರಿವಂತೆ ಎಲ್ಸಾ ಆಗಿ ಲಾರಾ ಬೆನಾಂಟಿ ಇದ್ದಾಳೆ. 1998ರಲ್ಲಿ ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇಯಲ್ಲಿ ಈ ನಾಟಕ ಮತ್ತೆ ಬಂದಾಗ ಹುಡುಗಿ ವಯಸ್ಸಿನಲ್ಲೇ ಮರಿಯಾ ಆಗಿ ನಿಂತವಳು ಅವಳು. ಹಳೆಯ ಮರಿಯಾ ಹೊಸ ಮರಿಯಾಳ ಎದುರು ನಿಲ್ಲುತ್ತಾಳೆ. ಮಠದ ಹಿರಿಯಮ್ಮನಾಗಿ ಆಡ್ರಾ ಮೆಕ್‌ಡೊನಾಲ್ಡ್. ಇಲ್ಲಿನ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿಯನ್ನು ಐದು ಸಲ ಪಡೆದ ಕಂಠ ಅದು. ಮೊದಲ ಅಂಕದ ಕೊನೆಗೆ ಬೆಟ್ಟ ಹತ್ತಿ ಹೋಗು ಅಂತ ಮರಿಯಾಳಿಗೆ ಆಕೆ ಹಾಡುವ ಹಾಡೊಂದಿದೆಯಲ್ಲ, ಅದಕ್ಕೆ ಈಗಲೇ ನನ್ನ ಕಿವಿ ತುದಿಗಾಲಲ್ಲಿ ನಿಂತಿದೆ.

ನಾಟಕಕ್ಕೂ ಸಿನಿಮಾಕ್ಕೂ ವ್ಯತ್ಯಾಸ ಬಹಳ. ಗುಡುಗಿನ ರಾತ್ರಿ ಮಕ್ಕಳು ಮರಿಯಾಳ ಮಂಚಕ್ಕೆ ಓಡಿ ಬಂದಾಗ ನಮಗೆ ಗೊತ್ತಿರುವುದು ಇಷ್ಟದ ವಸ್ತುಗಳ ಪಟ್ಟಿಯ ಹಾಡು. ನಾಟಕದಲ್ಲಿ ಅದನ್ನು ಮರಿಯಾ ಮಠದಲ್ಲೇ ಹಿರಿಯಮ್ಮನ ಜೊತೆ ಹಾಡಿ ಮುಗಿಸಿರುತ್ತಾಳೆ. ಗುಡುಗಿಗೆ ಬರುವುದು ಕುರಿಗಾಹಿಯ ಹಾಡು. ಇದು ಸಣ್ಣದು, ಬಿಡು. ಸಿನಿಮಾ ಕೈಬಿಟ್ಟ ಎರಡು ಹಾಡುಗಳು ನನಗೆ ಮುಖ್ಯ. ಎರಡೂ ಎಲ್ಸಾ ಮತ್ತು ಕ್ಯಾಪ್ಟನ್ನನ ಗೆಳೆಯ ಮ್ಯಾಕ್ಸ್ ಹಾಡುವಂಥವು. ಅದರಲ್ಲಿ ಎರಡನೆಯದರಲ್ಲಿ ಅವರಿಬ್ಬರೂ ಕ್ಯಾಪ್ಟನ್ನನಿಗೆ ಬುದ್ಧಿ ಹೇಳುತ್ತಾರೆ: ನಾಜಿಗಳು ಬರುವುದು ಬಂದೇ ಬರುತ್ತಾರೆ, ತಡೆಯಲು ಆಗುವುದಿಲ್ಲ, ಸ್ವಲ್ಪ ಬಗ್ಗಿ ನಡೆದರೆ ನಿನಗೇನು ನಷ್ಟ? ರಾಗ ಕುಣಿಯುವಂಥದ್ದು, ಮಾತು ಮಾತ್ರ ಎದೆ ನಡುಗಿಸುವಂಥದ್ದು. ಕ್ಯಾಪ್ಟನ್ ಒಪ್ಪುವುದಿಲ್ಲ. ಎಲ್ಸಾಳ ಜೊತೆಗಿನ ಮದುವೆ ನಾಟಕದಲ್ಲಿ ಮುರಿದು ಬೀಳುವುದು ಇದೇ ಮಾತಿಗೆ. ಸಿನಿಮಾದಲ್ಲಿ ಅದು ಬರೀ ಮರಿಯಾಳ ಮೇಲಿನ ಪ್ರೀತಿಯ ಕಥೆಯಾಗಿಬಿಟ್ಟಿತು. ಒಬ್ಬ ಮನುಷ್ಯ ತಾನು ಯಾವುದಕ್ಕೆ ತಲೆಬಾಗುವುದಿಲ್ಲ ಅನ್ನುವುದನ್ನು ಊಟದ ಮನೆಯಂಥ ಜಾಗದಲ್ಲಿ, ಆಪ್ತರ ಎದುರೇ ತೀರ್ಮಾನ ಮಾಡಬೇಕಾಗುವುದು ನನಗೆ ಬೆಟ್ಟ ದಾಟುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. (ಅಂದಹಾಗೆ, ನಿಜವಾದ ಟ್ರಾಪ್ ಕುಟುಂಬ ಬೆಟ್ಟ ದಾಟಲೇ ಇಲ್ಲ. 1938ರಲ್ಲಿ ರೈಲು ಹತ್ತಿ ಇಟಲಿಗೆ ಹೋದರು. ಆಮೇಲೆ ಅಮೆರಿಕಕ್ಕೆ ಬಂದು ವರ್ಮಾಂಟಿನಲ್ಲಿ ನೆಲೆ ನಿಂತರು. ಆ ಏಳು ಮಕ್ಕಳಲ್ಲಿ ಒಬ್ಬಾಕೆ ಇವತ್ತಿಗೂ ಅಲ್ಲಿದ್ದಾರೆ, ಈಗ 99 ವರ್ಷ.)

ಮಗಳಿಗೆ ಸ್ವರ ಕಲಿಸುವ ಹಾಡೇ ಪ್ರಾಣ. ಮರಿಯಾ ಮಕ್ಕಳಿಗೆ ಒಂದೊಂದು ಸ್ವರಕ್ಕೆ ಒಂದೊಂದು ಮಾತು ಗಂಟು ಹಾಕಿಕೊಡುತ್ತಾಳಲ್ಲ, ಇಂಗ್ಲಿಷಿನ ಡೋ ಅಂದರೆ ಹೆಣ್ಣು ಜಿಂಕೆ, ರೇ ಅಂದರೆ ಬಿಸಿಲ ಕೋಲು, ಮೀ ಅಂದರೆ ನಾನು ಅಂತ. ನಿಮ್ಮ ಅಪ್ಪಯ್ಯ ನಮಗೆ ಹೇಳಿಕೊಟ್ಟದ್ದನ್ನು ನಾನು ಅವಳಿಗೆ ಹೇಳಿದೆ: ಷಡ್ಜ ನವಿಲಿನದು, ಋಷಭ ಎತ್ತಿನದು, ಗಾಂಧಾರ ಆಡಿನದು, ಪಂಚಮ ಕೋಗಿಲೆಯದು, ನಿಷಾದ ಆನೆಯದು. ಸ್ವಲ್ಪ ಹೊತ್ತು ಯೋಚಿಸಿ, ‘ಎರಡರಲ್ಲೂ ಪ್ರಾಣಿಯಿಂದಲೇ ಶುರು’ ಅಂದಳು.

ಇಷ್ಟೆಲ್ಲ ಸಂತೋಷದ ನಡುವೆ ಒಂದೇ ಚಿಂತೆ. ಸ್ಟುಡಿಯೋದಲ್ಲಿ ಪ್ರೇಕ್ಷಕರಿಲ್ಲ. ಕೋಟಿಗಟ್ಟಲೆ ಜನ ನೋಡುತ್ತಾರೆ, ಎದುರಿಗೆ ಒಬ್ಬರೂ ಇರುವುದಿಲ್ಲ. ಹಾಡು ಮುಗಿದಾಗ ಏನಾಗುತ್ತದೆ? ಮೌನ. ಹೊಸಬಳು, ಮೊದಲ ಹಾಡಿನಲ್ಲೇ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಚೆನ್ನಾಗಿತ್ತೋ ಇಲ್ಲವೋ ಹೇಳಲು ಒಂದು ಚಪ್ಪಾಳೆಯೂ ಇಲ್ಲದೆ ಮುಂದಿನ ಮಾತು ಶುರುಮಾಡಬೇಕು.

ನಾವು ಎಂಟನೇ ಕ್ಲಾಸಿನಲ್ಲಿದ್ದಾಗಿನ ಶಿರಸಿ ಜಾತ್ರೆ ನೆನೆಸಿಕೋ. ಕಂಪನಿ ಟೆಂಟಿನಲ್ಲಿ ಮುಂದಿನ ಸಾಲಿನ ನೆಲದ ಮೇಲೆ ನಾವಿಬ್ಬರು, ರಂಗದ ಪಕ್ಕದಲ್ಲಿ ಕಾಲಿನಿಂದ ತಿದಿ ಒತ್ತಿ ನುಡಿಸುವ ಹಾರ್ಮೋನಿಯಂ, ಕಾಲ್ಪೆಟ್ಟಿಗೆಯ ಮುಂದೆ ನಿಮ್ಮ ಅಪ್ಪಯ್ಯ. ನಾಯಕಿ ಪದ್ಯದ ಎರಡನೇ ಚರಣದಲ್ಲಿದ್ದಳು, ಕರೆಂಟು ಹೋಯಿತು. ಮೈಕೂ ಇಲ್ಲ, ದೀಪವೂ ಇಲ್ಲ. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಅವಳು ನಿಲ್ಲಿಸಲಿಲ್ಲ. ನಿಮ್ಮ ಅಪ್ಪಯ್ಯ ಬೇರೆ ಎಲ್ಲ ಬಿಟ್ಟು ಷಡ್ಜ-ಪಂಚಮ ಎರಡನ್ನೇ ಒತ್ತಿ ಹಿಡಿದರು. ಕತ್ತಲಲ್ಲಿ ಆ ಪೆಟ್ಟಿಗೆಯ ತಿದಿಯ ಉಸಿರು ನಮಗೆ ಕೇಳುತ್ತಿತ್ತು, ಹುಸ್ ಹುಸ್ ಅಂತ. ಸಿಳ್ಳೆ ತಾನಾಗಿ ನಿಂತಿತು. ಯಾರೋ ಪೆಟ್ರೋಮ್ಯಾಕ್ಸ್ ಹಿಡಿದುಕೊಂಡು ಬರುವ ಹೊತ್ತಿಗೆ ಅವಳು ಪಲ್ಲವಿಗೆ ವಾಪಸು ಬಂದಿದ್ದಳು. ಆ ಬೆಳಕಿನಲ್ಲಿ ಅವಳ ಕೆನ್ನೆಯ ಬಣ್ಣ ಬೆವರಿಗೆ ಇಳಿದು ಗೆರೆಗೆರೆಯಾಗಿತ್ತು. ಆಮೇಲೆ ಬಂತು ನೋಡು ‘ಒನ್ಸ್ ಮೋರ್’! ಮೂರು ಸಲ ಹಾಡಿಸಿದರು. ಟೆಂಟಿನ ಹೊರಗೆ ಬಳೆ ಅಂಗಡಿಯವರೂ ಬಂದು ಬಗ್ಗಿ ನೋಡುತ್ತಿದ್ದರು.

ಅಂದಿನಿಂದ ನನಗೆ ಹಾಡು ಅಂದರೆ ಹಾಡುವವರದ್ದು ಮಾತ್ರ ಅಂತ ಅನ್ನಿಸಿಯೇ ಇಲ್ಲ. ಹಾಗಾಗಿ ಗುರುವಾರ ನಮ್ಮ ಮನೆಯಲ್ಲಿ ಪ್ರತಿ ಹಾಡು ಮುಗಿದಾಗ ಚಪ್ಪಾಳೆ ಹೊಡೆಯುವುದು ಅಂತ ತೀರ್ಮಾನವಾಗಿದೆ. ಅವರಿಗೆ ಕೇಳಿಸುವುದಿಲ್ಲ, ಗೊತ್ತು. ಆದರೂ ಹೊಡೆಯುತ್ತೇವೆ. ಪಕ್ಕದ ಬೀದಿಯ ಎರಡು ಕನ್ನಡ ಮನೆಯವರು ಮಕ್ಕಳ ಸಮೇತ ಬರುತ್ತಾರೆ. ಇವಳು ಅವಲಕ್ಕಿ ಹಚ್ಚುತ್ತೇನೆ ಅಂದಿದ್ದಾಳೆ, ಊರಿಂದ ಬಂದ ಅಪ್ಪೆಮಿಡಿ ಉಪ್ಪಿನಕಾಯಿಯ ಕೊನೆಯ ಬಾಟಲಿ ಅವತ್ತೇ ಒಡೆಯುವುದು.

ಈಗ ನಿನ್ನ ಕೆಲಸ. ನಾಟಕದ ಕೊನೆಗೆ ಕ್ಯಾಪ್ಟನ್ ಹಾಡುವ ‘ಎಡೆಲ್‌ವೈಸ್’ ಇದೆಯಲ್ಲ. ಅದು ಆಸ್ಟ್ರಿಯಾದ ಜನಪದ ಹಾಡು ಅಂತ ಎಷ್ಟೋ ಜನ ನಂಬಿದ್ದಾರೆ. ಅಲ್ಲ. ನ್ಯೂಯಾರ್ಕಿಗೆ ತರುವ ಮೊದಲು ಬೋಸ್ಟನ್ನಿನಲ್ಲಿ ನಾಟಕವನ್ನು ಆಡಿಸಿ ನೋಡುತ್ತಿದ್ದಾಗ ಬರೆದದ್ದು. ಹ್ಯಾಮರ್‌ಸ್ಟೈನ್‌ಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು. ಆತ ಬರೆದ ಕೊನೆಯ ಹಾಡು ಅದು. 1960ರ ಆಗಸ್ಟಿನಲ್ಲಿ ತೀರಿಕೊಂಡರು, ನಾಟಕ ಆಗ ಇನ್ನೂ ಓಡುತ್ತಿತ್ತು. ಒಂದು ಸಣ್ಣ ಬಿಳಿ ಹೂವಿಗೆ ನನ್ನ ನಾಡನ್ನು ಹರಸು ಅಂತ ಕೇಳಿಕೊಳ್ಳುವ ನಾಲ್ಕಾರು ಸಾಲು, ಅಷ್ಟೇ. ನಾಡು ಕೈತಪ್ಪಿ ಹೋಗುತ್ತಿರುವಾಗ ಹಾಡುವುದು.

ಮಗಳ ಪಿಯಾನೋ ಪುಸ್ತಕದಲ್ಲಿ ಅದು ಬಿ ಫ್ಲಾಟ್‌ನಲ್ಲಿದೆ. ಅಂದರೆ ನಿನ್ನ ಪೆಟ್ಟಿಗೆಯಲ್ಲಿ ಕಪ್ಪು ಐದು. ಶುರು ಹೀಗೆ: ಗ ಪ ರಿ, ಸ ಪ ಮ. ರಿ, ಸ ಎರಡೂ ತಾರದಲ್ಲಿ. ಎಲ್ಲ ಬಿಲಾವಲ್‌ನ ಶುದ್ಧ ಸ್ವರಗಳೇ, ತಾಳ ಮೂರು ಮೂರು ಮಾತ್ರೆಯದು. ನೀನು ಎರಡು ಸಲ ಕೇಳಿದರೆ ಮೂರನೇ ಸಲಕ್ಕೆ ಕೈಯಲ್ಲಿರುತ್ತದೆ. ಎಪ್ಪತ್ತು ಮೈಲಿ ದೂರದಿಂದಲೂ ನಾಟಕ ನೋಡಲು ಬರುವವರಿದ್ದ ಊರಿನವರು ನಾವು, ಸ್ಕೈಪ್ ಇರುವಾಗ ನೀನು ತಪ್ಪಿಸಿಕೊಳ್ಳುವುದು ಬೇಡ. ನಮಗೆ ರಾತ್ರಿ ಎಂಟು, ನಿನಗೆ ಶುಕ್ರವಾರ ಬೆಳಗ್ಗೆ ಆರೂವರೆ. ಲ್ಯಾಪ್‌ಟಾಪನ್ನು ಟಿವಿಯ ಎದುರು ಸ್ಟೂಲಿನ ಮೇಲಿಡುತ್ತೇನೆ. ಚಿತ್ರ ನಿಂತರೂ ಧ್ವನಿ ಬರುತ್ತದೆ. ಕೊನೆಗೌಡನಿಗೆ ಹತ್ತು ಗಂಟೆಗೆ ಬಾ ಅಂತ ಹೇಳು.

ಎಡೆಲ್‌ವೈಸ್ ಬರುವುದು ಕೊನೆಯ ಹೊತ್ತಿಗೆ, ನಿನ್ನ ಗಡಿಯಾರದಲ್ಲಿ ಒಂಬತ್ತರ ಆಚೆ. ಅಪ್ಪಯ್ಯನ ಕಾಲ್ಪೆಟ್ಟಿಗೆ ಜಗುಲಿಗೆ ತಂದಿಡು, ತಿದಿ ಸರಿಯಿದೆಯಾ ನೋಡು. ಅವರು ಹಾಡಿ ಮುಗಿಸಿ ಅಲ್ಲಿ ಸುಮ್ಮನಾದಾಗ ನಾವು ಇಲ್ಲಿಂದ ‘ಒನ್ಸ್ ಮೋರ್’ ಅನ್ನುತ್ತೇವೆ. ನೀನು ಶ್ರುತಿ ಹಿಡಿ.

ಅತ್ತಿಗೆಗೆ, ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಬೆಂಚಿನ ಗೆಳೆಯ