ಟೀಚರಾದ ತಮ್ಮನ ಮಗಳಿಗೆ ಸೋದರತ್ತೆಯ ಪತ್ರ

ಚಿ. ಸೌ. ಕೂಸಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಶಾಲೆಯ ಸುದ್ದಿ, ಹನ್ನೊಂದು ಮಂದಿಯ ಮನೆಯ ಸುದ್ದಿ, ಎರಡು ಬಸ್ಸು ಬದಲಿಸಿ ಹೋಗುವ ತ್ರಾಸು ಎಲ್ಲವನ್ನೂ ಹೇಳಿಕೊಂಡಿ. ನಡುವೆ ಹಗುರಾಗಿ ಒಂದು ಮಾತು ಬಂತು. ಮನೆಯವರೆಲ್ಲ ಹೊಲಕ್ಕೆ ಹೋದ ದಿನ ನಿನ್ನ ಭಾವನ ಮಗಳು ಶಾಲೆ ಬಿಟ್ಟು ನಿನ್ನ ಕೂಸನ್ನು ಆಡಿಸುತ್ತಾಳೆ, "ಆರನೇತ್ತ ಹುಡುಗಿ, ಆದ್ರೂ ಭಾಳ ಶಾಣ್ಯಾಕಿ" ಅಂದಿ. ಫೋನಿನಲ್ಲಿ ಉತ್ತರ ಕೊಟ್ಟರೆ ಬೈದಂತಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಅಜ್ಜಿ, ಅಂದರೆ ನಮ್ಮವ್ವ, ಊರಿಗೆಲ್ಲ ಸಾಲಿ ಅಕ್ಕೋರು. ಅವಳ ಬಗ್ಗೆ ನೀವು ಮೊಮ್ಮಕ್ಕಳು ಕೇಳಿದ್ದೆಲ್ಲ ಹೊಗಳಿಕೆಯೇ, ಮತ್ತು ಅದೆಲ್ಲ ನಿಜ. ಮುಲ್ಕಿ, ಅಂದರೆ ಆಗಿನ ಏಳನೆತ್ತೆ ಪರೀಕ್ಷೆ, ಪಾಸಾಗಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಅವಳು ನೌಕರಿಗೆ ಸೇರಿದಾಗ ನಮ್ಮ ಸೀಮೆ ಇನ್ನೂ ಮುಂಬೈ ಪ್ರಾಂತದಲ್ಲಿತ್ತು, ಪಗಾರ ಡಿಸ್ಟ್ರಿಕ್ಟ್ ಸ್ಕೂಲ್ ಬೋರ್ಡಿನಿಂದ ಬರುತ್ತಿತ್ತು. 1951ರ ಜನಗಣತಿ ತೆಗೆದು ನೋಡು, ದೇಶದ ಹೆಂಗಸರಲ್ಲಿ ನೂರಕ್ಕೆ ಒಂಬತ್ತು ಮಂದಿಗೂ ಓದು ಬರಹ ಬರುತ್ತಿರಲಿಲ್ಲ. ಅಂಥ ಕಾಲದಲ್ಲಿ ಅವ್ವ ಜೂನ್ ತಿಂಗಳು ಬಂತೆಂದರೆ ಓಣಿ ಓಣಿ ತಿರುಗಿ ಹೆಣ್ಣುಮಕ್ಕಳ ಹೆಸರು ಬರೆದುಕೊಂಡು ಬರುತ್ತಿದ್ದಳು. "ಹೆಣ್ಣು ಕಲತು ಏನ್ ಮಾಡೂದೈತ್ರಿ" ಎಂದವರ ಜೊತೆ ವಾದಕ್ಕೆ ಇಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು, ಕಾಳು ಹಸನು ಮಾಡುತ್ತಿದ್ದರೆ ತಾನೂ ಕೈ ಹಚ್ಚಿ, ಹುಡುಗಿ ಮನೆಯಲ್ಲಿ ಏನೇನು ಕೆಲಸ ಮಾಡುತ್ತಾಳೆ ಎಂದು ಕೇಳುತ್ತಿದ್ದಳು. ಹೆಚ್ಚುಪಾಲು ಉತ್ತರ ಒಂದೇ: ಕೂಸು ಹಿಡೀತಾಳ್ರಿ. "ಹಂಗಾದ್ರ ಕೂಸನ್ನೂ ಕರಕೊಂಡ ಬರ್ಲಿ" ಅನ್ನುತ್ತಿದ್ದಳು ಅವ್ವ. ಬಿನ್ನೆತ್ತಿಯ, ಅಂದರೆ ಒಂದನೆತ್ತೆಗೂ ಮುಂಚಿನ ಸಣ್ಣ ಮಕ್ಕಳ ವರ್ಗದ, ಮೂಲೆಯಲ್ಲಿ ಗೋಣಿತಟ್ಟು ಹಾಸಿ ಮಲಗಿಸಿದ ಕೂಸುಗಳನ್ನು ನಾನೇ ನೋಡಿದ್ದೇನೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ಇದು ಸಾಲಿಯೋ ತೊಟ್ಟಿಲಮನೆಯೋ ಎಂದು ಸಿಟ್ಟಾದರೂ ಅವ್ವ ಗೋಣಿತಟ್ಟು ಎತ್ತಲಿಲ್ಲ.

ಇನ್ನು ನಮ್ಮ ಮನೆ. ಅವ್ವ ಹೆತ್ತದ್ದು ಒಂಬತ್ತು, ಉಳಿದದ್ದು ಏಳು. ಅಪ್ಪನದು ಒಕ್ಕಲುತನ. ಒಳ್ಳೆಯ ಮನುಷ್ಯ, ಕೈಯೆತ್ತಿದವನಲ್ಲ, ಆದರೆ ತೊಟ್ಟಿಲು ತೂಗಿದವನೂ ಅಲ್ಲ. ಅವ್ವ ಕೋಳಿ ಕೂಗುವ ಮೊದಲೇ ಎದ್ದು ಒಂದು ಬುಟ್ಟಿ ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದಳು. ಅವಳು ಹೊಸಿಲು ದಾಟಿದ ಮೇಲೆ ಆ ಮನೆ ಯಾರ ಸೊಂಟದ ಮೇಲೆ ನಿಂತಿತ್ತು? ದೊಡ್ಡಕ್ಕನ ಸೊಂಟದ ಮೇಲೆ. ನಾಲ್ಕನೇ ಇಯತ್ತೆ ಮುಗಿಯುತ್ತಲೇ ಅವಳನ್ನು ಬಿಡಿಸಿದರು. ಬಿಡಿಸುತ್ತೇವೆ ಎಂದು ಯಾರೂ ತೀರ್ಮಾನ ಮಾಡಲಿಲ್ಲ. ಮೊದಲು ಸಂತೆಯ ದಿನ ತಪ್ಪಿತು, ಆಮೇಲೆ ಸುಗ್ಗಿ ಮುಗಿಯಲಿ ಅಂದರು, ಆಮೇಲೆ ತಮ್ಮನಿಗೆ ಗೊಬ್ಬರ (ದಡಾರ) ಎದ್ದಿತು, ವರ್ಷ ಹೋಯಿತು.

ಮಧ್ಯಾಹ್ನದ ಸೂಟಿಗೆ ಅಕ್ಕ ಕೂಸಿಗೆ ಅವ್ವನ ಹಾಲು ಕುಡಿಸಲು ಸಾಲಿಗೆ ಬರುತ್ತಿದ್ದಳು. ಗಂಟೆ ಬಾರಿಸುವುದಕ್ಕೆ ಮುಂಚೆಯೇ ಬಂದು ಕಿಟಕಿಯ ಸರಳು ಹಿಡಿದು ನಿಲ್ಲುವಳು. ಒಳಗೆ ನಾವು ಮಗ್ಗಿ ಒದರುತ್ತಿದ್ದರೆ ಹೊರಗೆ ಅವಳ ತುಟಿಯೂ ಅಲುಗುತ್ತಿತ್ತು. ಕೂಸು ಅತ್ತರೆ ಮಗ್ಗಿಯ ಲಯಕ್ಕೇ ಅದರ ಬೆನ್ನು ತಟ್ಟುವಳು. ಅರವತ್ತರ ದಶಕದಲ್ಲಿ ಸಾಲಿಗಳಲ್ಲಿ ಕೇರ್ ಎಂಬ ವಿದೇಶಿ ನೆರವು ಸಂಸ್ಥೆಯವರ ಹಳದಿ ಹಿಟ್ಟಿನ ಉಪ್ಪಿಟ್ಟು, ಪುಡಿ ಹಾಲು ಹಂಚುತ್ತಿದ್ದರು. ಅವ್ವ ಕಟ್ಟುನಿಟ್ಟಿನ ಹೆಂಗಸು, ಹಾಜರಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಉಪ್ಪಿಟ್ಟು. ಅಕ್ಕನ ಹೆಸರು ಪಟ್ಟಿಯಲ್ಲಿರಲಿಲ್ಲ. ನಾನು ನನ್ನ ಪಾಲಿನಲ್ಲಿ ಅರ್ಧ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದೆ. ಇದನ್ನು ಬರೆಯುವಾಗ ಈ ವಯಸ್ಸಿನಲ್ಲೂ ನನಗೆ ಗಂಟಲು ಕಟ್ಟುತ್ತದೆ. ಊರಿನ ಹುಡುಗಿಯರನ್ನೆಲ್ಲ ಕೈಹಿಡಿದು ಒಳಗೆ ಕರೆತಂದ ಅಕ್ಕೋರ ಹಿರೀ ಮಗಳು ಕಿಟಕಿಯ ಹೊರಗೆ ನಿಂತಿದ್ದಳು.

ಅವ್ವನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆಗ ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ಪಗಾರದ ಸಹಿ ಮಾತ್ರ ಅವಳದು, ಹಣ ಅಪ್ಪನ ಕೈಗೆ. ಬಾಣಂತನದ ರಜೆ ಮೂರೇ ತಿಂಗಳು. ಅಂಗನವಾಡಿ ನಮ್ಮ ರಾಜ್ಯದಲ್ಲಿ ಶುರುವಾದದ್ದೇ 1975ರಲ್ಲಿ, ಅದೂ ದೂರದ ಟಿ. ನರಸೀಪುರದಲ್ಲಿ. ನಮ್ಮೂರಿಗೆ ಅದು ಬರುವಷ್ಟರಲ್ಲಿ ಅಕ್ಕನ ಮಕ್ಕಳೇ ಸಾಲಿಗೆ ಹೋಗುತ್ತಿದ್ದರು. ನಿವೃತ್ತಿಯಾದ ಮೇಲೆ ಅವ್ವ ಅಕ್ಕನನ್ನು ಕೂರಿಸಿಕೊಂಡು, ಏಳನೆತ್ತೆ ಪರೀಕ್ಷೆಗೆ ಖಾಸಗಿಯಾಗಿ ಕಟ್ಟು, ನಾ ಓದಸ್ತೀನಿ ಎಂದಳು. ಅಕ್ಕ "ಈಗ್ಯಾಕ ಬೇ" ಎಂದು ಎದ್ದು ಹೋದಳು. ಅವ್ವ ಗ್ರಾಚ್ಯುಟಿ ಹಣದಲ್ಲಿ ಮೊದಲ ಪಾಲು ತೆಗೆದು ಅಕ್ಕನ ಮಗಳ ನರ್ಸಿಂಗ್ ಕಾಲೇಜಿಗೆ ಕಟ್ಟಿದಳು. ಗಂಡುಮಕ್ಕಳು ಮನೆ ರಿಪೇರಿ ಎಂದು ಕೇಳಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿನಗೆ ದಾರಿ ಇದೆ ಕೂಸೇ. ಆರು ತಿಂಗಳ ಹೆರಿಗೆ ರಜೆ ಪಡೆದಿ. ಅದು ಸಾಲದಿದ್ದರೆ 2021ರಿಂದ ರಾಜ್ಯದ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯೂ ಇದೆ. ಹೆಡ್‌ಮಾಸ್ತರು ಮುಖ ಗಂಟಿಕ್ಕುತ್ತಾರೆ ಎಂದು ಅರ್ಜಿ ಹಾಕದೆ ಇರಬೇಡ. ನಿನ್ನ ಪಗಾರ ನಿನ್ನ ಖಾತೆಗೇ ಬೀಳುತ್ತದೆ. ಅದರಲ್ಲಿ ಓಣಿಯ ಒಬ್ಬ ಹಿರಿಯಳಿಗೆ ತಿಂಗಳಿಗಿಷ್ಟು ಎಂದು ಕೊಟ್ಟು ಕೂಸು ನೋಡಿಕೊಳ್ಳಲು ಹೇಳು. ಅತ್ತೆ ಮನೆಯಲ್ಲಿ ಮಾತು ಬರುತ್ತದೆ, ಬರಲಿ. ನಿನ್ನ ಗಂಡ ಮುಂಜಾನೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ಕಲಿಯಲಿ. ಈ ಪತ್ರವನ್ನು ಅವನಿಗೂ ಓದಲು ಕೊಡು. ಏನೇ ಮಾಡು, ನಿನ್ನ ಭಾರ ನಿನಗಿಂತ ಚಿಕ್ಕವಳ ಸೊಂಟಕ್ಕೆ ದಾಟಬಾರದು. ದೊಡ್ಡ ಮನೆಯಲ್ಲಿ ಭಾರ ಇಳಿಜಾರಿನ ನೀರಿನಂತೆ ಹರಿದು ಕಡೆಗೆ ನಿಲ್ಲುವುದು ಎದುರು ಮಾತಾಡದ ಹುಡುಗಿಯ ಹತ್ತಿರ. ಅವಳನ್ನು ನಾವು ಶಾಣ್ಯಾಕಿ ಎಂದು ಹೊಗಳಿ ಸುಮ್ಮನಾಗುತ್ತೇವೆ.

ಶಾಲೆಯಲ್ಲೂ ಇದೇ ಕಣ್ಣಿರಲಿ. ನೀನಿರುವುದು ಯಾದಗಿರಿ ಜಿಲ್ಲೆಯಲ್ಲಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ನಿಮ್ಮ ಜಿಲ್ಲೆಯದು 51.83, ರಾಜ್ಯಕ್ಕೇ ಕಡೆಯದು. ಹತ್ತಿ ಬಿಡಿಸುವ ಕಾಲ ಬಂದಾಗ ನಿನ್ನ ಹಾಜರಿ ಪುಸ್ತಕದಲ್ಲಿ ಯಾವ ಹೆಸರುಗಳ ಮುಂದೆ ಗೈರು ಬೀಳುತ್ತದೆ ಎಂದು ನೋಡು. ಎಲ್ಲ ಹುಡುಗಿಯರೂ ಹತ್ತಿ ಬಿಡಿಸಲು ಹೋಗಿರುವುದಿಲ್ಲ. ಅವ್ವಂದಿರು ಹೊಲಕ್ಕೆ ಹೋದ ಮನೆಗಳಲ್ಲಿ ಕೂಸು ಹಿಡಿಯಲು ಒಬ್ಬಳು ಉಳಿದಿರುತ್ತಾಳೆ. ಆ್ಯಪಿನಲ್ಲಿ ಗೈರು ಒತ್ತಿ ಮುಗಿಸಬೇಡ, ಸಂಜೆ ಬಸ್ಸಿಗೆ ಮುಂಚೆ ಒಂದು ಮನೆಗಾದರೂ ಹೋಗಿ ಬಾ. ಮೂರು ವರ್ಷ ತುಂಬಿದ ತಮ್ಮ ತಂಗಿಯರನ್ನು ಅಂಗನವಾಡಿಗೆ ಸೇರಿಸಲು ಆ ತಾಯಿಗೆ ಹೇಳು. ಅದಕ್ಕಿಂತ ಸಣ್ಣವರಿದ್ದರೆ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆ ಆ ಊರಲ್ಲಿದೆಯೇ ಎಂದು ವಿಚಾರಿಸು. ತಾಂಡಾದ ತಂದೆತಾಯಿ ಬೆಂಗಳೂರಿಗೆ ದುಡಿಯಲು ಹೊರಟರೆ, ಆರನೆತ್ತೆಗೆ ಬಂದ ಹುಡುಗಿಯನ್ನು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ವಸತಿ ಶಾಲೆಗೆ ಹಚ್ಚುವ ದಾರಿ ಇದೆ. ಆ ಅರ್ಜಿಯನ್ನು ನೀನೇ ಕೈಯಾರೆ ತುಂಬಿ ಕೊಡು, ಅವರಿಗೆ ಹೇಳಿ ಬಿಟ್ಟರೆ ಆಗುವುದಿಲ್ಲ. ಯಾವುದೂ ಹೊಂದದಿದ್ದರೆ ನಿನ್ನಜ್ಜಿಯ ಗೋಣಿತಟ್ಟು ಇದ್ದೇ ಇದೆ, ಕೂಸನ್ನೂ ಕರೆದುಕೊಂಡು ಬರಲಿ.

ದೊಡ್ಡಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಸಂತೆಯಲ್ಲಿ ಮುಕ್ಕಾಲು ಕಿಲೋಗೆ ಎಷ್ಟಾಯಿತೆಂದು ಅಂಗಡಿಯವನು ಮೊಬೈಲು ತೆಗೆಯುವಷ್ಟರಲ್ಲಿ ಲೆಕ್ಕ ಹೇಳಿರುತ್ತಾಳೆ. ಅಂಥ ತಲೆ ಅವಳದು. ನಮ್ಮ ಏಳು ಮಂದಿಯಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ, ನಾನಂತೂ ಅಲ್ಲ.

ಎಳ್ಳ ಅಮಾಸಿ ಮುಗಿದ ಮರುದಿನ ನಾನು ಹೊರಡುತ್ತೇನೆ. ಬೇಸಿಗೆ ರಜೆಯವರೆಗೂ ನಿಮ್ಮಲ್ಲೇ ಇದ್ದು ಕೂಸನ್ನು ನೋಡಿಕೊಳ್ಳುತ್ತೇನೆ, ನನಗೆ ಮಂಡಿನೋವು ಬಿಟ್ಟರೆ ಮತ್ತೇನೂ ಇಲ್ಲ. ಅಲ್ಲಿಯತನಕ ಓಣಿಯ ಹಿರಿಯಳನ್ನು ಗೊತ್ತು ಮಾಡಿಕೊ. ಆ ಹುಡುಗಿ ಈ ಸೋಮವಾರದಿಂದಲೇ ಶಾಲೆಗೆ ಹೋಗಲಿ, ತಪ್ಪಿದ ಪಾಠಗಳ ನೋಟ್ಸು ತೆಗೆದಿಟ್ಟುಕೊಂಡಿರಲಿ. ಸಂಜೆ ಹೊತ್ತು ನಾನು ಕೂತು ಬರೆಸುತ್ತೇನೆ. ಶಹಾಪುರ ಬಸ್‌ಸ್ಟ್ಯಾಂಡಿಗೆ ನಿನ್ನ ಗಂಡನನ್ನು ಕಳಿಸು, ಗಂಟು ಭಾರ ಇರುತ್ತದೆ.

ನಿನ್ನ ಸೋದರತ್ತೆ