ಕ್ಯಾಂಪಿನಲ್ಲಿ ಆನೆ ನೋಡಿಕೊಳ್ಳೋ ಕಾವಾಡಿ ಅಣ್ಣನಿಗೆ, ಮತ್ತೆ ಉಳಿದ ಎಲ್ಲರಿಗೂ

ಮೊನ್ನೆ ಶುಕ್ರವಾರ ನನ್ನ ಕೆಲಸದ ಕೊನೇ ದಿನ. 1994ರಲ್ಲಿ ನಾಗರಹೊಳೆಗೆ ಬಂದಾಗ ಆನೆ ಲದ್ದಿ ಅಳೆಯೋದೇ ನನ್ನ ಸಂಶೋಧನೆ. ಮನೆಯವರು ಅದನ್ನು ನೆಂಟರ ಹತ್ತಿರ ಹೇಳುತ್ತಲೇ ಇರಲಿಲ್ಲ.

ಹಾರ ಹಾಕಿದವರು, ಫೋನ್ ಮಾಡಿದವರು, ಆನೆಗೆ ರೇಡಿಯೋ ಕಾಲರ್ ಹಾಕುವಾಗ ಜೊತೆಗಿದ್ದ ಡಾಕ್ಟರುಗಳು, ಆನೆಯಿಂದ ಬೆಳೆ ಹೋದರೂ ಕೂರಿಸಿ ಕಾಫಿ ಕೊಟ್ಟ ಸಕಲೇಶಪುರ, ಆಲೂರಿನ ರೈತರು, ಎಲ್ಲರಿಗೂ ಥ್ಯಾಂಕ್ಸ್. 2023ರ ಗಣತಿಯಲ್ಲಿ ರಾಜ್ಯಕ್ಕೆ 6,395 ಆನೆ ಅಂತ ಬಂದಾಗ ನನಗೆ ಅಭಿನಂದನೆ ಹೇಳಿದವರಿಗೂ. ಹೆತ್ತದ್ದು ಆನೆಗಳು, ಅಲ್ವಾ?

ಇನ್ನು ಕಾವಾಡಿ ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ.

ಗದ್ದೆಯಲ್ಲಿ ಬಿದ್ದ ಆ ಹೆಣ್ಣಾನೆ ನಿಮಗೆಲ್ಲ ನೆನಪಿದೆ. ಯಾಕೆ ಬಿತ್ತು, ಏನು ಔಷಧಿ ಕೊಟ್ಟೆವು, ಅದೆಲ್ಲ ಮತ್ತೆ ಬೇಡ. ಆನೆ ಒಂದೇ ಮಗ್ಗುಲಲ್ಲಿ ಜಾಸ್ತಿ ಹೊತ್ತು ಬಿದ್ದಿದ್ದರೆ ಅದರ ಭಾರವೇ ಅದರ ಉಸಿರು ಅದುಮುತ್ತದೆ. ಎಬ್ಬಿಸೋಕೆ ಜೆಸಿಬಿ ಬೇಕಿತ್ತು. ಬರುತ್ತೇವೆ ಅಂದವರು ಬರಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಜನ ಒಬ್ಬೊಬ್ಬರೇ ಹೊರಟರು. ಅಣ್ಣ ಉಳಿದರು. ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತು ಸೊಂಡಿಲ ತುದಿಗೆ ಅಂಗೈ ಹಿಡಿದಿದ್ದರು. ಉಸಿರು ತಾಗಿದಾಗಲೆಲ್ಲ "ಹೂಂ" ಅನ್ನೋರು. ನಾನು ವಾಚ್ ನೋಡಿ ಆ ಹೂಂಗಳನ್ನು ಬರೆದುಕೊಳ್ಳುತ್ತಿದ್ದೆ. ನಿಮಿಷಕ್ಕೆ ಐದು. ಆಮೇಲೆ ಮೂರು. ಬೆಳಗಿನ ಜಾವ ಹೂಂ ನಿಂತಿತು. ಅಣ್ಣ ಕೈ ಮಾತ್ರ ತೆಗೆಯಲಿಲ್ಲ.

ನಾನು ಅತ್ತುಬಿಟ್ಟೆ. ಇಷ್ಟು ವರ್ಷ ಓದಿ ಏನು ಕಡಿದು ಕಟ್ಟೆ ಹಾಕಿದೆ ಅಂತ ನನ್ನನ್ನೇ ಬೈದುಕೊಂಡೆ. ಅದೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ರಾಜೀನಾಮೆ ಬರೆದೆ. ಅಣ್ಣ ಸಮಾಧಾನ ಮಾಡಲಿಲ್ಲ. "ಮರಿಗೆ ಹಾಲು ಕಲಸ್ಬೇಕು, ಏಳಿ ಮೇಡಮ್ಮೋರೆ" ಅಂದರು. ತಾಯಿಯ ಹಿಂದೆ ನಿಂತಿತ್ತಲ್ಲ, ಆ ಮರಿಗೆ. ಎರಡೆರಡು ಗಂಟೆಗೆ ಬಾಟಲಿ, ರಾತ್ರಿಯೂ. ರಾಜೀನಾಮೆ ಕೊಡೋಕೆ ಪುರುಸೊತ್ತೇ ಆಗಲಿಲ್ಲ.

ಕ್ಯಾಂಪ್ ಆನೆಗೆ ಯಾವ ಜಾಗದಲ್ಲಿ ಸರಪಳಿ ಉಜ್ಜಿ ಗಾಯವಾಗುತ್ತದೆ, ಅಂಗಾಲು ಸವೆದದ್ದು ನಡಿಗೆಯಲ್ಲಿ ಹೇಗೆ ಕಾಣುತ್ತದೆ, ಮದ ಬರೋ ಮೊದಲು ಕಣ್ಣು ಹೇಗಾಗುತ್ತದೆ, ಇದನ್ನೆಲ್ಲ ತೋರಿಸಿಕೊಟ್ಟವರು ಅವರೇ. ನನ್ನ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಅವರು ಕಂಡದ್ದು. ಲೇಖಕರ ಸಾಲಿನಲ್ಲಿ ಒಂದರಲ್ಲೂ ಅವರ ಹೆಸರಿಲ್ಲ. ಆಗ ಹಾಕಲಾ ಅಂತ ನಾನು ಕೇಳಲೂ ಇಲ್ಲ. ಈಗ ಕೇಳಿದರೆ ಬೇಡ ಅನ್ನುತ್ತಾರೆ.

ಶುಕ್ರವಾರದ ಸಮಾರಂಭಕ್ಕೂ ಬಂದಿದ್ದರು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ನನ್ನ ಭಾಷಣದ ನಡುವೆ ಎದ್ದು ಹೋದರು. ಆನೆಗೆ ಮುದ್ದೆ ಕೊಡೋ ಹೊತ್ತಾಗಿತ್ತು.